ತೈಲ ಬೆಲೆಯ ಇಳಿಕೆ: ಲಾಭ ಯಾರಿಗೆ, ನಷ್ಟ ಯಾರಿಗೆ?

ಜಾಗತಿಕ ಮಾರುಕಟ್ಟೆಯಲ್ಲಿ ಕಚ್ಚಾ ತೈಲದ ಬೆಲೆ ಕುಸಿಯಿತೆಂಬ ಸುದ್ದಿ ಬಂದಾಗಲೆಲ್ಲ ಅದನ್ನು ಶುಭವಾರ್ತೆಯೆಂದೇ ಸ್ವಾಗತಿಸುವುದು ನಮ್ಮ ದೇಶದಲ್ಲಿ ರೂಢಿಯಾಗಿದೆ. ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚಿನ ಪಾಲನ್ನು ಹೊರದೇಶಗಳಿಂದ ಕೊಳ್ಳುವ ರಾಷ್ಟ್ರ ಹಾಗೆ ಸ್ವಾಗತಿಸುವುದು ಸಹಜವೇ. ಆದರೆ ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳನ್ನು ಹಾಯ್ದು ಕೃಷ್ಣರಾಜಪುರದವರೆಗೆ ಹಬ್ಬಿರುವ ನಮ್ಮ ಧರ್ಮಕೇಂದ್ರಗಳಲ್ಲಿ ಈ ಒಂದೇ ಸುದ್ದಿಯನ್ನು ಎರಡು ಬಗೆಯಾಗಿ ಓದುವ ಕುಟುಂಬಗಳಿವೆ. ಆಟೊ ಓಡಿಸಿ ಬದುಕುವ ಮನೆಯಲ್ಲಿ ಅದು ನಿರೀಕ್ಷೆಯನ್ನು ಹುಟ್ಟಿಸುತ್ತದೆ. ಮಗನೋ ಅಳಿಯನೋ ದಮ್ಮಾಮ್, ಜುಬೈಲ್, ಕುವೈತ್‌ಗಳಲ್ಲಿ ದುಡಿಯುತ್ತಿರುವ ಮನೆಯಲ್ಲಿ ಅದೇ ಸುದ್ದಿ ಆತಂಕವನ್ನು ಹುಟ್ಟಿಸುತ್ತದೆ. ಎಷ್ಟೋ ವೇಳೆ ಈ ಎರಡೂ ಮನೆಗಳು ಒಂದೇ ಸೂರಿನಡಿಯಲ್ಲಿರುತ್ತವೆ. ಅಣ್ಣ ಆಟೊ ಚಾಲಕನಾದರೆ ತಮ್ಮ ಕೊಲ್ಲಿ ರಾಷ್ಟ್ರದಲ್ಲಿ ವೆಲ್ಡರ್ ಆಗಿರುತ್ತಾನೆ. ಆದುದರಿಂದ ಬೆಲೆಯ ಇಳಿಕೆ ನಮಗೆ ಒಳಿತೋ ಕೆಡುಕೋ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಡುವುದು ವಿವೇಕವಲ್ಲ. ಲಾಭ ಯಾವ ದಾರಿಯಿಂದ ಬರುತ್ತದೆ, ನಷ್ಟ ಯಾವ ದಾರಿಯಿಂದ ಬರುತ್ತದೆ, ದಾರಿಯ ನಡುವೆ ಯಾರು ನಿಂತಿದ್ದಾರೆ ಎಂಬುದನ್ನು ಬೇರೆಬೇರೆಯಾಗಿ ವಿಚಾರಿಸಬೇಕು.

ಮೂರು ಕುಸಿತಗಳು

ಕಳೆದ ದಶಕದಲ್ಲಿ ತೈಲದ ಬೆಲೆ ಮೂರು ಸಲ ಗಮನಾರ್ಹವಾಗಿ ಕುಸಿದಿದೆ. 2014ರ ಜೂನ್ ತಿಂಗಳಲ್ಲಿ ಬ್ಯಾರೆಲ್‌ಗೆ 110 ಡಾಲರ್ ಮೀರಿದ್ದ ಬೆಲೆ 2016ರ ಜನವರಿಯ ವೇಳೆಗೆ 30 ಡಾಲರಿಗಿಂತ ಕೆಳಗಿಳಿಯಿತು. ಅಮೆರಿಕದಲ್ಲಿ ಶೇಲ್ ಬಂಡೆಗಳಿಂದ ತೈಲ ತೆಗೆಯುವ ಹೊಸ ವಿಧಾನ ಉತ್ಪಾದನೆಯನ್ನು ಹೆಚ್ಚಿಸಿತ್ತು. 2014ರ ನವೆಂಬರ್ 27ರಂದು ವಿಯೆನ್ನಾದಲ್ಲಿ ಸೇರಿದ ಒಪೆಕ್ ರಾಷ್ಟ್ರಗಳು, ತಮ್ಮ ಗ್ರಾಹಕರನ್ನು ಕಳೆದುಕೊಳ್ಳುವುದಕ್ಕಿಂತ ಬೆಲೆ ಇಳಿಯುವುದೇ ಲೇಸೆಂದು, ಉತ್ಪಾದನೆಯನ್ನು ತಗ್ಗಿಸದಿರಲು ನಿರ್ಧರಿಸಿದವು. ಎರಡನೆಯ ಕುಸಿತ 2020ರಲ್ಲಿ ಕೊರೊನಾ ಪಿಡುಗಿನೊಡನೆ ಬಂತು. ಆ ವರ್ಷದ ಏಪ್ರಿಲ್ 20ರಂದು ಅಮೆರಿಕದ ವಾಯಿದಾ ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆಗಿಂತಲೂ ಕೆಳಗಿಳಿದು, ತೈಲವನ್ನು ಒಯ್ಯುವವನಿಗೇ ಹಣ ಕೊಡಬೇಕಾದ ವಿಚಿತ್ರ ಸ್ಥಿತಿ ಒದಗಿತು. ಮೂರನೆಯದು 2025ರ ಏಪ್ರಿಲ್ ತಿಂಗಳದು. ಅಮೆರಿಕ ಘೋಷಿಸಿದ ಆಮದು ಸುಂಕಗಳ ಭೀತಿ ಒಂದೆಡೆ, ಉತ್ಪಾದಕ ರಾಷ್ಟ್ರಗಳು ಉತ್ಪಾದನೆಯನ್ನು ಹೆಚ್ಚಿಸಲು ಕೈಗೊಂಡ ತೀರ್ಮಾನ ಇನ್ನೊಂದೆಡೆ ಸೇರಿ, ಬೆಲೆ 60 ಡಾಲರಿನ ಆಸುಪಾಸಿಗೆ ಬಂತು.

ಈ ಮೂರು ಸಂದರ್ಭಗಳಲ್ಲಿಯೂ ಹಳೆಯ ಮದರಾಸು ರಸ್ತೆಯ ಪೆಟ್ರೋಲ್ ಬಂಕುಗಳಲ್ಲಿ ನಮ್ಮ ಜನ ಕೇಳಿದ ಪ್ರಶ್ನೆ ಒಂದೇ: ಅಲ್ಲಿ ಇಳಿದ ಬೆಲೆ ಇಲ್ಲಿ ಏಕೆ ಇಳಿಯಲಿಲ್ಲ?

ಬ್ಯಾರೆಲ್‌ನಿಂದ ಲೀಟರಿಗೆ

ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 110 ಡಾಲರ್ ಬೆಲೆಯಿದ್ದಾಗ ಒಂದು ಡಾಲರಿಗೆ ಸುಮಾರು 60 ರೂಪಾಯಿ ವಿನಿಮಯ ದರವಿತ್ತು. ಅಂದರೆ ಒಂದು ಲೀಟರ್ ಕಚ್ಚಾ ತೈಲಕ್ಕೆ ಸುಮಾರು 41 ರೂಪಾಯಿ 50 ಪೈಸೆ. 2025ರ ಏಪ್ರಿಲ್‌ನಲ್ಲಿ ಬ್ಯಾರೆಲ್‌ಗೆ 60 ಡಾಲರ್ ಇದ್ದಾಗ ಡಾಲರಿನ ಬೆಲೆ 86 ರೂಪಾಯಿಗಳ ಸಮೀಪದಲ್ಲಿತ್ತು. ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 32 ರೂಪಾಯಿ 50 ಪೈಸೆ ಆಗುತ್ತದೆ. ಡಾಲರಿನ ಲೆಕ್ಕದಲ್ಲಿ ಬೆಲೆ ಶೇಕಡಾ 45ರಷ್ಟು ಇಳಿದಿದ್ದರೂ ರೂಪಾಯಿಯ ಲೆಕ್ಕದಲ್ಲಿ ಇಳಿದದ್ದು ಶೇಕಡಾ 22ರಷ್ಟು ಮಾತ್ರ. ರೂಪಾಯಿಯ ಮೌಲ್ಯ ಕುಗ್ಗಿದ್ದರಿಂದ ಲಾಭದ ಅರ್ಧ ಭಾಗ ನಮ್ಮ ರೇವನ್ನು ಮುಟ್ಟುವ ಮೊದಲೇ ಕರಗಿತ್ತು. ಇದು ಮೊದಲನೆಯ ಕಾರಣ.

ಆದರೆ ಈ ಕಾರಣವೊಂದೇ ಸಾಲದು. ಕಚ್ಚಾ ತೈಲ ಲೀಟರಿಗೆ ಒಂಬತ್ತು ರೂಪಾಯಿ ಅಗ್ಗವಾಗಿದ್ದರೂ, 2014ರ ಜೂನ್‌ನಲ್ಲಿ 71 ರೂಪಾಯಿ 51 ಪೈಸೆಯಿದ್ದ ದೆಹಲಿಯ ಪೆಟ್ರೋಲ್ 2025ರ ಏಪ್ರಿಲ್‌ನಲ್ಲಿ 94 ರೂಪಾಯಿ 77 ಪೈಸೆಯಾಗಿತ್ತು. ಬೆಂಗಳೂರಿನಲ್ಲಿ ಅದು 102 ರೂಪಾಯಿಯನ್ನು ದಾಟಿತ್ತು. ಈ ಅಂತರದ ದೊಡ್ಡ ಪಾಲಿಗೆ ಕಾರಣ ತೆರಿಗೆ.

ಪೆಟ್ರೋಲಿನ ಬೆಲೆಯನ್ನು 2010ರ ಜೂನ್‌ನಲ್ಲಿಯೂ ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರ್‌ನಲ್ಲಿಯೂ ಸರಕಾರ ತನ್ನ ನಿಯಂತ್ರಣದಿಂದ ಬಿಡುಗಡೆ ಮಾಡಿತು. ಇನ್ನು ಮುಂದೆ ಮಾರುಕಟ್ಟೆ ಏರಿದರೆ ಬೆಲೆ ಏರುತ್ತದೆ, ಇಳಿದರೆ ಇಳಿಯುತ್ತದೆ ಎಂಬುದು ಆ ಸುಧಾರಣೆಯ ತತ್ತ್ವವಾಗಿತ್ತು. ಆದರೆ 2014ರ ನವೆಂಬರ್‌ನಿಂದ 2016ರ ಜನವರಿಯವರೆಗೆ, ಬೆಲೆ ಇಳಿಯುತ್ತಿದ್ದ ಅವಧಿಯಲ್ಲಿಯೇ, ಕೇಂದ್ರ ಸರಕಾರ ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಿತು. ಲೀಟರ್ ಪೆಟ್ರೋಲಿನ ಮೇಲೆ 9 ರೂಪಾಯಿ 48 ಪೈಸೆಯಿದ್ದ ಸುಂಕ 21 ರೂಪಾಯಿ 48 ಪೈಸೆಗೂ, ಡೀಸೆಲ್ ಮೇಲೆ 3 ರೂಪಾಯಿ 56 ಪೈಸೆಯಿದ್ದದ್ದು 17 ರೂಪಾಯಿ 33 ಪೈಸೆಗೂ ಏರಿತು. 2020ರ ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ, ಕೊರೊನಾ ಪಿಡುಗಿನ ದಿನಗಳಲ್ಲಿ, ಪೆಟ್ರೋಲ್ ಸುಂಕ 13 ರೂಪಾಯಿಯಷ್ಟು, ಡೀಸೆಲ್ ಸುಂಕ 16 ರೂಪಾಯಿಯಷ್ಟು ಮತ್ತೆ ಏರಿತು. 2025ರ ಏಪ್ರಿಲ್‌ನಲ್ಲಿಯೂ ಎರಡರ ಮೇಲೂ ಎರಡೆರಡು ರೂಪಾಯಿ ಸುಂಕ ಹೆಚ್ಚಿತು. ಬಂಕಿನ ಬೆಲೆ ಬದಲಾಗಲಿಲ್ಲವೆಂಬುದು ನಿಜ. ಆದರೆ ಇಳಿಯಬೇಕಾಗಿದ್ದದ್ದು ಇಳಿಯಲಿಲ್ಲವೆಂಬುದೂ ಅಷ್ಟೇ ನಿಜ. ಅದೇ ವಾರದಲ್ಲಿ ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿತು.

ರಾಜ್ಯ ಸರಕಾರವೂ ಈ ವಿಷಯದಲ್ಲಿ ಹಿಂದುಳಿಯಲಿಲ್ಲ. ರಾಜ್ಯದ ಮಾರಾಟ ತೆರಿಗೆ ಶೇಕಡಾವಾರು ಲೆಕ್ಕದ್ದಾದುದರಿಂದ, ಮೂಲ ಬೆಲೆ ಇಳಿದರೆ ಆದಾಯವೂ ತಾನಾಗಿ ಇಳಿಯುತ್ತದೆ. ಅದನ್ನು ಸರಿದೂಗಿಸಲು ದರವನ್ನೇ ಏರಿಸುವ ಪ್ರಲೋಭನೆ ಎಲ್ಲ ಪಕ್ಷಗಳ ಸರಕಾರಗಳಿಗೂ ಇದೆ. 2020ರ ಕರ್ನಾಟಕ ಬಜೆಟ್ಟಿನಲ್ಲಿ ಪೆಟ್ರೋಲ್ ತೆರಿಗೆ ಶೇಕಡಾ 32ರಿಂದ 35ಕ್ಕೆ ಏರಿತು. 2021ರ ನವೆಂಬರ್‌ನಲ್ಲಿ ಶೇಕಡಾ 25.9ಕ್ಕೆ ಇಳಿಯಿತು. 2024ರ ಜೂನ್‌ನಲ್ಲಿ ಮತ್ತೆ 29.84ಕ್ಕೆ ಏರಿತು. ಡೀಸೆಲ್ ತೆರಿಗೆ ಅದೇ ಜೂನ್‌ನಲ್ಲಿ ಶೇಕಡಾ 14.34ರಿಂದ 18.44ಕ್ಕೂ, 2025ರ ಏಪ್ರಿಲ್ 1ರಿಂದ 21.17ಕ್ಕೂ ಏರಿತು.

ಸರಕಾರದ ಸಮರ್ಥನೆಯನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಬೆಲೆ ಗಗನಕ್ಕೇರಿದ್ದ 2012-13ರಲ್ಲಿ ತೈಲ ಕಂಪನಿಗಳು ವೆಚ್ಚಕ್ಕಿಂತ ಕಡಿಮೆ ದರದಲ್ಲಿ ಮಾರಿದ್ದರಿಂದ ಆದ ಕೊರತೆ 1 ಲಕ್ಷ 61 ಸಾವಿರ ಕೋಟಿ ರೂಪಾಯಿ. ಆ ಭಾರವೂ ಕಡೆಗೆ ಬೊಕ್ಕಸದ್ದೇ, ಅಂದರೆ ನಮ್ಮೆಲ್ಲರದೇ ಆಗಿತ್ತು. ಇಂಧನದ ಮೇಲಿನ ತೆರಿಗೆಯಿಂದ ರಸ್ತೆಗಳಾಗುತ್ತವೆ, ಅತಿಬಳಕೆಗೆ ಕಡಿವಾಣ ಬೀಳುತ್ತದೆ. ಉಕ್ರೇನ್ ಯುದ್ಧದ ನಂತರ ಬೆಲೆ ಏರಿದಾಗ, 2022ರ ಮೇ ತಿಂಗಳಲ್ಲಿ, ಕೇಂದ್ರವು ಪೆಟ್ರೋಲಿನ ಮೇಲೆ 8 ರೂಪಾಯಿ, ಡೀಸೆಲಿನ ಮೇಲೆ 6 ರೂಪಾಯಿ ಸುಂಕವನ್ನು ಇಳಿಸಿದ್ದೂ ಉಂಟು. ಆದರೂ ಒಂದು ಲೆಕ್ಕವನ್ನು ಮರೆಯಲಾಗದು. ಪೆಟ್ರೋಲಿಯಂ ಪದಾರ್ಥಗಳ ಮೇಲಿನ ಅಬಕಾರಿ ಸುಂಕದಿಂದ ಕೇಂದ್ರಕ್ಕೆ ಬಂದ ಆದಾಯ 2014-15ರಲ್ಲಿ ಸುಮಾರು 99 ಸಾವಿರ ಕೋಟಿ ರೂಪಾಯಿಯಿದ್ದದ್ದು 2016-17ರಲ್ಲಿ ಸುಮಾರು 2 ಲಕ್ಷ 42 ಸಾವಿರ ಕೋಟಿಯಾಯಿತು. ಲಾಭ ಬಂದದ್ದು ದಿಟ. ಅದು ಎಲ್ಲಿ ನಿಂತಿತೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ರಸಲ್ ಮಾರುಕಟ್ಟೆಯವರೆಗೆ

ಇಂಧನ ತೆರಿಗೆಯ ಒಂದು ಗುಣವನ್ನು ನಾವು ಗಮನಿಸಬೇಕು. ಅದು ಆದಾಯವನ್ನು ನೋಡುವುದಿಲ್ಲ. ಇಂದಿರಾನಗರದ ಐಷಾರಾಮಿ ಕಾರಿನ ಒಡೆಯನೂ ಕೃಷ್ಣರಾಜಪುರದಿಂದ ದ್ವಿಚಕ್ರ ವಾಹನದಲ್ಲಿ ದಿನವೂ ಕೆಲಸಕ್ಕೆ ಬರುವ ಕಾವಲುಗಾರನೂ ಲೀಟರಿಗೆ ತೆರುವ ತೆರಿಗೆ ಒಂದೇ. ವಾಹನವೇ ಇಲ್ಲದವನೂ ಅದನ್ನು ತೆರುತ್ತಾನೆ. ಕೋಲಾರ, ಮಾಲೂರು, ಹೊಸಕೋಟೆಗಳ ತರಕಾರಿ ಡೀಸೆಲ್ ಲಾರಿಗಳಲ್ಲಿಯೇ ನಗರಕ್ಕೆ ಬಂದು ಶಿವಾಜಿನಗರದ ರಸಲ್ ಮಾರುಕಟ್ಟೆಯನ್ನು ಸೇರುತ್ತದೆ. ಟೊಮ್ಯಾಟೊ ಕೊಳ್ಳುವ ವಿಧವೆ ತಾಯಿ ಬಂಕಿನ ಮುಖವನ್ನೇ ನೋಡದಿದ್ದರೂ ಡೀಸೆಲ್ ತೆರಿಗೆಯಲ್ಲಿ ತನ್ನ ಪಾಲನ್ನು ಸಲ್ಲಿಸಿಯೇ ಇರುತ್ತಾಳೆ.

ಪ್ರಯಾಣ ದರಗಳ ಸ್ವಭಾವವೂ ವಿಚಿತ್ರ. ನಗರದ ಆಟೊ ದರ 2013ರ ಡಿಸೆಂಬರ್‌ನಲ್ಲಿ ನಿಗದಿಯಾದ ಮೇಲೆ 2021ರ ಡಿಸೆಂಬರ್‌ವರೆಗೂ ಬದಲಾಗಲಿಲ್ಲ. ಆ ನಡುವೆ ತೈಲ ಇಳಿದದ್ದೂ ಏರಿದ್ದೂ ಎರಡೂ ನಡೆದುಹೋಯಿತು. ಇಳಿದಾಗ ಪ್ರಯಾಣಿಕನಿಗೆ ದರ ಇಳಿಯಲಿಲ್ಲ. ಏರಿದಾಗ ಚಾಲಕನಿಗೆ ದರ ಏರಲಿಲ್ಲ. ಹೀಗಾಗಿ ಚಾಲಕನೂ ಪ್ರಯಾಣಿಕನೂ ಬೀದಿಯಲ್ಲಿ ಒಬ್ಬರನ್ನೊಬ್ಬರು ಶಂಕಿಸುವ ಸ್ಥಿತಿ ಬಂತು. ಇಬ್ಬರೂ ಬಡವರೇ, ಇಬ್ಬರ ಲೆಕ್ಕವನ್ನೂ ತಪ್ಪಿಸಿದವರು ಬೇರೆಡೆಯಲ್ಲಿದ್ದರು. ಮುಂದೆ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿಯ ದರ ಜಾರಿಗೆ ಬಂತು. ಅದೇ ವರ್ಷದ ಜನವರಿಯಲ್ಲಿ ನಗರ ಸಾರಿಗೆ ಬಸ್ಸುಗಳ ದರ ಶೇಕಡಾ 15ರಷ್ಟು ಏರಿತ್ತು. ಜಾಗತಿಕ ಬೆಲೆ ಇಳಿಯುತ್ತಿದ್ದ ವರ್ಷದಲ್ಲಿಯೇ ನಮ್ಮ ಪ್ರಯಾಣದ ವೆಚ್ಚ ಏರಿತು.

ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಸರಕಾರ ಚೆನ್ನಾಗಿ ಅರಿತಿದೆ. 2020ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬ್ಯಾರೆಲ್‌ಗೆ ಸರಾಸರಿ 19 ಡಾಲರಿನಂತೆ ತೈಲವನ್ನು ಕೊಂಡು, ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು ಮತ್ತು ವಿಶಾಖಪಟ್ಟಣಗಳ ಭೂಗತ ಸಂಗ್ರಹಾಗಾರಗಳನ್ನು ತುಂಬಿಸಲಾಯಿತು. ಈ ಮೂರರ ಒಟ್ಟು ಸಾಮರ್ಥ್ಯವಾದ 53 ಲಕ್ಷ ಟನ್ನುಗಳಲ್ಲಿ 40 ಲಕ್ಷ ಟನ್ ನಮ್ಮ ಕರಾವಳಿಯ ಎರಡು ಕೇಂದ್ರಗಳದೇ. ಇದರಿಂದ ಐದು ಸಾವಿರ ಕೋಟಿ ರೂಪಾಯಿ ಉಳಿಯಿತೆಂದು ಸರಕಾರ ಹೇಳಿತು. ಇದು ದೂರದೃಷ್ಟಿಯ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಿನಗೂಲಿಯ ಕುಟುಂಬಕ್ಕೆ ಭೂಗತ ಸಂಗ್ರಹಾಗಾರವಿಲ್ಲ. ಅದಕ್ಕೆ ಇಳಿಕೆಯ ಲಾಭ ಆ ದಿನವೇ ಸಿಗಬೇಕು, ಇಲ್ಲವಾದರೆ ಎಂದೂ ಸಿಗದು.

ಕೊಲ್ಲಿಯ ಕಡೆಯ ಲೆಕ್ಕ

ಇನ್ನು ನಷ್ಟದ ದಾರಿಯನ್ನು ನೋಡೋಣ. ತೈಲೋದ್ಯಮದ ಉದ್ಯೋಗ ಎಂದೊಡನೆ ಬಾವಿ ಕೊರೆಯುವವನ ಚಿತ್ರ ಕಣ್ಮುಂದೆ ಬರುತ್ತದೆ. ಆದರೆ ನಮ್ಮ ಧರ್ಮಕೇಂದ್ರಗಳಿಂದ ಕೊಲ್ಲಿಗೆ ಹೋದವರಲ್ಲಿ ಹೆಚ್ಚಿನವರು ಬಾವಿಯ ಬಳಿ ನಿಂತವರಲ್ಲ. ಅವರು ಪೈಪು ಜೋಡಿಸುವವರು, ವಿದ್ಯುತ್ ಕೆಲಸದವರು, ವಾಹನ ಚಾಲಕರು, ದಾದಿಯರು, ಲೆಕ್ಕಪತ್ರ ನೋಡುವವರು, ಮನೆಗೆಲಸದವರು. ಅವರಿಗೆ ಸಂಬಳ ಕೊಡುವ ಗುತ್ತಿಗೆದಾರನಿಗೆ ಹಣ ಕೊಡುವುದು ಅಲ್ಲಿನ ಸರಕಾರ. ಆ ಸರಕಾರಕ್ಕೆ ಹಣ ಬರುವುದು ತೈಲದಿಂದ. ಬೆಲೆ ಕುಸಿದರೆ ಮೊದಲು ಬೊಕ್ಕಸ ಬರಿದಾಗುತ್ತದೆ. ಬಳಿಕ ಗುತ್ತಿಗೆದಾರನ ಬಿಲ್ಲು ನಿಲ್ಲುತ್ತದೆ. ಕಡೆಗೆ, ಯಾವ ತಪ್ಪನ್ನೂ ಮಾಡದ ಕಾರ್ಮಿಕನ ಸಂಬಳ ನಿಲ್ಲುತ್ತದೆ.

2015ರಲ್ಲಿ ಸೌದಿ ಅರೇಬಿಯದ ಬಜೆಟ್ ಕೊರತೆ 367 ಶತಕೋಟಿ ರಿಯಾಲ್ ಮುಟ್ಟಿತು. ಮರುವರ್ಷವೇ ದೊಡ್ಡ ನಿರ್ಮಾಣ ಸಂಸ್ಥೆಗಳಲ್ಲಿ ತಿಂಗಳುಗಟ್ಟಲೆ ವೇತನ ನಿಂತುಹೋಯಿತು. 2016ರ ಜುಲೈ ಕೊನೆಯಲ್ಲಿ ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರು, ಸೌದಿಯಲ್ಲಿ ಸುಮಾರು ಹತ್ತು ಸಾವಿರ ಭಾರತೀಯ ಕಾರ್ಮಿಕರು ಊಟಕ್ಕೂ ಪರದಾಡುತ್ತಿರುವುದನ್ನು ದೇಶಕ್ಕೆ ತಿಳಿಸಿದರು. ರಾಯಭಾರ ಕಚೇರಿ ಆಹಾರ ಹಂಚಬೇಕಾಯಿತು. ರಾಜ್ಯ ಸಚಿವ ವಿ. ಕೆ. ಸಿಂಗ್ ಅವರು ಅಲ್ಲಿಗೆ ತೆರಳಿ ಕಾರ್ಮಿಕರನ್ನು ಹಿಂದಕ್ಕೆ ಕರೆತರುವ ವ್ಯವಸ್ಥೆ ಮಾಡಬೇಕಾಯಿತು. ದೆಹಲಿಯಲ್ಲಿ ತೈಲ ಆಮದಿನ ವೆಚ್ಚ ಇಳಿದುದಕ್ಕೆ ಸಂತೋಷಪಡುತ್ತಿದ್ದ ಕಾಲವೂ ಇದೇ. 2013-14ರಲ್ಲಿ 143 ಶತಕೋಟಿ ಡಾಲರ್ ಇದ್ದ ಕಚ್ಚಾ ತೈಲದ ಆಮದು ವೆಚ್ಚ 2015-16ರಲ್ಲಿ 64 ಶತಕೋಟಿಗೆ ಇಳಿದಿತ್ತು. ಒಂದೇ ಘಟನೆಯ ಎರಡು ಮುಖಗಳಿವು.

ಬೊಕ್ಕಸವನ್ನು ತುಂಬಿಸಿಕೊಳ್ಳಲು ಕೊಲ್ಲಿ ರಾಷ್ಟ್ರಗಳು ಹೊಸ ತೆರಿಗೆಗಳನ್ನು ಹಾಕಿದವು. ಸೌದಿಯಲ್ಲಿ 2017ರ ಜುಲೈಯಿಂದ ವಿದೇಶಿ ನೌಕರನ ಪ್ರತಿಯೊಬ್ಬ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂದು, ಅದು ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ರಿಯಾಲ್ ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದ ಕುಟುಂಬಕ್ಕೆ ತಿಂಗಳಿಗೆ 1,200 ರಿಯಾಲ್, ಅಂದಿನ ದರದಲ್ಲಿ ಸುಮಾರು 24 ಸಾವಿರ ರೂಪಾಯಿ. 2018ರಲ್ಲಿ ಶೇಕಡಾ 5ರ ಮೌಲ್ಯವರ್ಧಿತ ತೆರಿಗೆ ಬಂತು. ಎರಡನೆಯ ಕುಸಿತದ ನಂತರ, 2020ರ ಜುಲೈಯಲ್ಲಿ, ಅದು ಶೇಕಡಾ 15 ಆಯಿತು. ಇದರ ಪರಿಣಾಮವೆಂದರೆ ಉದ್ಯೋಗ ಉಳಿದಿದ್ದರೂ ಸಂಸಾರ ಒಡೆಯಿತು. ಗಂಡ ಅಲ್ಲಿಯೇ ಉಳಿದ, ಹೆಂಡತಿ ಮಕ್ಕಳು ಇಲ್ಲಿಗೆ ಮರಳಿದರು. ಶಾಲಾ ವರ್ಷದ ನಡುವೆ ಪ್ರವೇಶ ಕೇಳಿ ಬರುವ ತಾಯಂದಿರು, ತಂದೆಯನ್ನು ದೂರವಾಣಿಯಲ್ಲಿ ಮಾತ್ರ ಬಲ್ಲ ಮಕ್ಕಳು, ಅರ್ಧಕ್ಕೆ ನಿಂತ ಮನೆ, ಸಾಲದ ಕಂತು: ಇವು ಯಾವ ತೈಲ ಮಾರುಕಟ್ಟೆಯ ವರದಿಯಲ್ಲಿಯೂ ಕಾಣುವುದಿಲ್ಲ.

ವಿದ್ಯಾವಂತರೂ ಈ ಅಲೆಯಿಂದ ಹೊರಗುಳಿಯಲಿಲ್ಲ. ಕೃಷ್ಣರಾಜಪುರದ ಆಚೆ ವೈಟ್‌ಫೀಲ್ಡ್ ಪ್ರದೇಶದಲ್ಲಿ ಇಂಧನ ಯಂತ್ರೋಪಕರಣಗಳ ವಿನ್ಯಾಸ ಮಾಡುವ ಎಂಜಿನಿಯರುಗಳಿದ್ದಾರೆ. ದೇವನಹಳ್ಳಿಯ ಕಡೆ ಬಹುರಾಷ್ಟ್ರೀಯ ತೈಲ ಕಂಪನಿಯ ತಾಂತ್ರಿಕ ಕೇಂದ್ರವಿದೆ. ಮೊದಲ ಕುಸಿತದ ಅವಧಿಯಲ್ಲಿ ವಿಶ್ವದಾದ್ಯಂತ ತೈಲ ಮತ್ತು ಅನಿಲ ಉದ್ಯಮ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದಿತ್ತೆಂದು ಅಂದಾಜಿಸಲಾಗಿದೆ. ಹೂಸ್ಟನ್‌ನಲ್ಲಿ ಕೈಗೊಂಡ ನಿರ್ಣಯದಿಂದ ಬೆಂಗಳೂರಿನ ಒಂದು ಮನೆಯ ಮಾಸಿಕ ಕಂತು ತಪ್ಪುವ ಕಾಲದಲ್ಲಿ ನಾವಿದ್ದೇವೆ.

ಬೆಲೆ ಏರಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಕೊಲ್ಲಿಯ ಕುಟುಂಬಗಳೂ ಭಾವಿಸಬಾರದು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ತೈಲದ ಬೆಲೆ ಏರಿತು. ಆದರೆ ಸುಮಾರು 1 ಲಕ್ಷ 70 ಸಾವಿರ ಭಾರತೀಯರು ಉಟ್ಟ ಬಟ್ಟೆಯಲ್ಲಿ ಅಮ್ಮಾನ್ ಮಾರ್ಗವಾಗಿ ತಾಯ್ನಾಡಿಗೆ ಮರಳಿದರು. ಏರಿದರೂ ಇಳಿದರೂ ಅಸ್ಥಿರತೆಯ ಬೆಲೆಯನ್ನು ತೆರುವವನು ಕಾರ್ಮಿಕನೇ.

ಹೊಣೆ ಯಾರದು?

ಇಲ್ಲಿ ಒಂದು ತಾತ್ತ್ವಿಕ ಭೇದವನ್ನು ನೆನೆಯುವುದು ಉಪಯುಕ್ತ. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಮಾನವ ದುಡಿಮೆಯನ್ನು ಕುರಿತು 1981ರಲ್ಲಿ ಹೊರಡಿಸಿದ ವಿಶ್ವಪತ್ರದಲ್ಲಿ ನೇರ ಉದ್ಯೋಗದಾತ ಮತ್ತು ಪರೋಕ್ಷ ಉದ್ಯೋಗದಾತ ಎಂಬ ಎರಡು ಪರಿಕಲ್ಪನೆಗಳನ್ನು ಬಿಡಿಸಿ ತೋರಿಸಿದ್ದಾರೆ. ಕಾರ್ಮಿಕನೊಡನೆ ಒಪ್ಪಂದ ಮಾಡಿಕೊಳ್ಳುವವನು ನೇರ ಉದ್ಯೋಗದಾತ. ಆ ಒಪ್ಪಂದದ ಷರತ್ತುಗಳನ್ನು ದೂರದಿಂದಲೇ ನಿರ್ಧರಿಸುವ ರಾಷ್ಟ್ರಗಳು, ಸಂಸ್ಥೆಗಳು, ನೀತಿಗಳು ಪರೋಕ್ಷ ಉದ್ಯೋಗದಾತರು. ಅವರಿಗೂ ಹೊಣೆಯುಂಟು ಎಂಬುದೇ ಅಲ್ಲಿನ ಮುಖ್ಯ ವಿಚಾರ. ವೇತನ ನಿಲ್ಲಿಸಿದ ಗುತ್ತಿಗೆದಾರ ನೇರ ಹೊಣೆಗಾರ. ಆದರೆ ಬೆಲೆ ನಿರ್ಧರಿಸಿದ ರಾಷ್ಟ್ರಗಳು, ಬಿಲ್ಲು ತಡೆಹಿಡಿದ ಸರಕಾರ, ಅಗ್ಗದ ತೈಲದಿಂದ ಬೊಕ್ಕಸ ತುಂಬಿಸಿಕೊಂಡೂ ಮರಳಿದ ಕಾರ್ಮಿಕನಿಗೆ ಏನನ್ನೂ ಎತ್ತಿಡದ ತಾಯ್ನಾಡು, ಇವು ತಾವು ಕೇವಲ ಪ್ರೇಕ್ಷಕರೆಂದು ಹೇಳಿಕೊಳ್ಳುವಂತಿಲ್ಲ. ಮಾರುಕಟ್ಟೆಯ ಏರಿಳಿತವನ್ನು ಮಳೆಯಂತೆ, ಬರದಂತೆ ಪ್ರಕೃತಿಯ ವ್ಯಾಪಾರವೆಂದು ವರ್ಣಿಸುವುದು ವಾಡಿಕೆ. ಮಳೆಗೆ ಇಚ್ಛೆಯಿಲ್ಲ, ಆದರೆ ವಿಯೆನ್ನಾದ ಸಭೆಗೂ ದೆಹಲಿ ಬೆಂಗಳೂರುಗಳ ಬಜೆಟ್ಟುಗಳಿಗೂ ಇಚ್ಛೆಯಿದೆ. ಇಚ್ಛೆಯಿದ್ದಲ್ಲಿ ಹೊಣೆಯೂ ಇದೆ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಬೆಲೆ ಇಳಿದ ಕಾಲದಲ್ಲಿ ಏರಿಸಿದ ತೆರಿಗೆಯ ಒಂದು ಪಾಲು ಸಾರ್ವಜನಿಕ ಸಾರಿಗೆಗೂ, ಕೊಲ್ಲಿಯಿಂದ ಮರಳಿದವರ ಪುನರ್ವಸತಿಗೂ ಮೀಸಲಾಗಬೇಕು. ಕೇರಳವು ತನ್ನ ಅನಿವಾಸಿಗಳಿಗಾಗಿ 1996ರಲ್ಲಿಯೇ ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಿತು. ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆಯಂತೆ ದೇಶಕ್ಕೆ ಬರುವ ಅನಿವಾಸಿ ಹಣದಲ್ಲಿ ಶೇಕಡಾ 7.7ರಷ್ಟನ್ನು ಪಡೆಯುವ ಕರ್ನಾಟಕವೂ ತನ್ನ ಅನಿವಾಸಿ ಕಾರ್ಮಿಕರನ್ನು ಅದೇ ಗಾಂಭೀರ್ಯದಿಂದ ಕಾಣಬೇಕು. ಹತ್ತನೆಯ ತರಗತಿ ಮುಗಿಸದೆ ಕೊಲ್ಲಿಗೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ ಅದು ಅಪಘಾತದ ಮರಣಕ್ಕೆ 10 ಲಕ್ಷ ರೂಪಾಯಿಯ ರಕ್ಷಣೆ ನೀಡುತ್ತದೆ. ಆದರೆ ಕಂಪನಿ ಮುಚ್ಚಿ ವೇತನ ಮುಳುಗಿದರೆ ಅದನ್ನು ತುಂಬಿಕೊಡುವ ವಿಮೆ ಅದಲ್ಲ. ಈ ಕೊರತೆಯನ್ನು ತುಂಬಬೇಕು.

ಕುಟುಂಬಗಳೂ ತಮ್ಮ ಕಡೆಯ ಎಚ್ಚರವನ್ನು ವಹಿಸಬೇಕು. ಉದ್ಯೋಗ ಒಪ್ಪಂದದ, ಸಂಬಳದ ಚೀಟಿಗಳ ಪ್ರತಿಗಳು ಊರಿನ ಮನೆಯಲ್ಲಿಯೂ ಇರಲಿ. ಸೌದಿ ಕಾನೂನಿನಂತೆ ಸೇವೆಯ ಕೊನೆಯಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ, ನಂತರದ ವರ್ಷಗಳಿಗೆ ವರ್ಷಕ್ಕೆ ಒಂದು ತಿಂಗಳ ವೇತನ ಸಲ್ಲಬೇಕು. ಹತ್ತು ವರ್ಷ ದುಡಿದು ಕಂಪನಿಯಿಂದ ಬಿಡುಗಡೆಯಾದವನಿಗೆ ಅದು ಏಳೂವರೆ ತಿಂಗಳ ವೇತನವಾಗುತ್ತದೆ. ಕಾಗದವಿಲ್ಲದವನು ಈ ಹಕ್ಕನ್ನು ಸಾಧಿಸಲಾರ. ಬೆಲೆ ಏರಿದ ವರ್ಷಗಳ ಸಂಬಳವನ್ನು ಶಾಶ್ವತವೆಂದು ಎಣಿಸಿ ಸಾಲ ಮಾಡದಿರುವುದು, ಆರು ತಿಂಗಳ ಸಂಸಾರಕ್ಕೆ ಸಾಲುವಷ್ಟನ್ನು ಬೇರೆಯಾಗಿ ಇಡುವುದು, ಮದುವೆ ಔತಣಗಳ ಆಡಂಬರವನ್ನು ತಗ್ಗಿಸುವುದು ಹಳೆಯ ಮಾತುಗಳೇ. ಹಾಸಿಗೆ ಎಷ್ಟಿದೆಯೆಂದು ತಿಳಿಯದ ಕಾಲದಲ್ಲಿ ಕಾಲನ್ನು ಇನ್ನಷ್ಟು ಮಡಿಸಿಕೊಳ್ಳುವುದೇ ಕ್ಷೇಮ. ಧರ್ಮಕೇಂದ್ರದ ಸಂಘಗಳು ಮರಳಿದವರನ್ನು ಸೋತವರಂತೆ ಕಾಣದೆ, ಅವರ ಕುಶಲತೆಗೆ ಇಲ್ಲಿಯೇ ನೆಲೆ ಹುಡುಕಿಕೊಡಲು ನೆರವಾಗಬೇಕು.

ಮುಂದಿನ ದಿಕ್ಕೂ ಕಾಣಿಸುತ್ತಿದೆ. ಅನಿವಾಸಿ ಹಣದಲ್ಲಿ ಕೊಲ್ಲಿ ರಾಷ್ಟ್ರಗಳ ಪಾಲು 2016-17ರಲ್ಲಿ ಅರ್ಧಕ್ಕಿಂತ ಹೆಚ್ಚಿದ್ದದ್ದು 2020-21ರಲ್ಲಿ ಸುಮಾರು ಶೇಕಡಾ 30ಕ್ಕೆ ಇಳಿಯಿತೆಂದು ರಿಸರ್ವ್ ಬ್ಯಾಂಕ್ ದಾಖಲಿಸಿದೆ. ಬೈಯಪ್ಪನಹಳ್ಳಿಯಲ್ಲಿ ನಿಂತಿದ್ದ ನಮ್ಮ ಮೆಟ್ರೊ 2023ರ ಅಕ್ಟೋಬರ್‌ನಲ್ಲಿ ಕೃಷ್ಣರಾಜಪುರವನ್ನು ಸೇರಿ ವೈಟ್‌ಫೀಲ್ಡ್‌ವರೆಗೆ ಅಖಂಡವಾಗಿ ಓಡತೊಡಗಿತು. ವಿದ್ಯುತ್ ಬಸ್ಸುಗಳು, ವಿದ್ಯುತ್ ಆಟೊಗಳು ಬೀದಿಗೆ ಬಂದಿವೆ. ತೈಲದ ಮೇಲಿನ ಅವಲಂಬನೆ ನಿಧಾನವಾಗಿ ಸಡಿಲುತ್ತದೆ. ಆ ಬದಲಾವಣೆ ಗಾಳಿಗೂ ಭೂಮಿಗೂ ಹಿತಕರ. ಆದರೆ ಅದು ಬರುವ ದಾರಿಯಲ್ಲಿ ಎಷ್ಟು ಕುಟುಂಬಗಳು ಕೆಲಸ ಕಳೆದುಕೊಳ್ಳುತ್ತವೆ, ಅವಕ್ಕೆ ಬೇರೆ ಕೆಲಸವನ್ನು ಯಾರು ಕಲಿಸುತ್ತಾರೆ ಎಂಬ ಪ್ರಶ್ನೆಯನ್ನು ಈಗಲೇ ಎತ್ತಬೇಕು. ಬೆಲೆ ಇಳಿದ ಮೇಲೆ ಎತ್ತಿದರೆ ತಡವಾಗುತ್ತದೆಂಬುದನ್ನು ಕಳೆದ ಮೂರು ಕುಸಿತಗಳು ನಮಗೆ ತಿಳಿಸಿವೆ.

ತೈಲದ ಬೆಲೆ ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಮುಂದಿನ ಇಳಿಕೆಯ ಸುದ್ದಿ ಬಂದಾಗ ನಮ್ಮ ಕುಟುಂಬಗಳು ಕೇಳಬೇಕಾದ ಪ್ರಶ್ನೆ ಬಂಕಿನ ಫಲಕದ ಅಂಕಿಯೊಂದನ್ನೇ ಕುರಿತದ್ದಾಗಬಾರದು. ಉಳಿದ ಹಣ ಯಾರ ಕೈಸೇರಿತು, ನಿಂತ ಸಂಬಳವನ್ನು ಯಾರು ಕೊಡುವರು ಎಂದು ನಮ್ಮ ಪ್ರತಿನಿಧಿಗಳನ್ನು ನೇರವಾಗಿ, ಪಕ್ಷಭೇದವಿಲ್ಲದೆ ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.